ಚಪ್ಪಾಳೆಯ ಬಾಲ

ನನ್ನ ಭಾವ ಎಪರಾಮನಿಗೆ ರೇಡಿಯೋದಲ್ಲಿ ದನಿ ಏರಿಸುವ ಗುಂಡಿ ಯಾವುದು, ಇಳಿಸುವ ಗುಂಡಿ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ಅಂಥವನು ಒಂದು ಸೋಮವಾರ ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು, "ವೆರೆ, ಕೊನೇಲಿ ಒಂಚೂರು ಫೇಡ್ ಮಾಡ್ಬಿಡು" ಅಂದ. ಫೇಡ್! ಅವನ ಬಾಯಲ್ಲಿ ಆ ಪದ! ನನ್ನ ಕಿವಿ ಅಲ್ಲೇ ನೆಟ್ಟಗಾಗಿತ್ತು.

ನನ್ನ ಕೋಣೆ ಇರುವುದು ನಮ್ಮ ದ್ವೀಪದ ಸಾವುಸಾವು ಅನ್ನುವ ಪೇಟೆಯ ಬಂದರಿನ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಒಂದು ಕಂಪ್ಯೂಟರ್, ಎರಡು ಮೈಕು, ಗೋಡೆಗೆ ಬಡಿದ ಹಳೇ ಚಾಪೆಗಳು, ಅಷ್ಟೇ. ಚರ್ಚಿನ ಹಾಡುಗಾರರು, ಮದುವೆ, ಸಾವು, ಎಲ್ಲರ ರೆಕಾರ್ಡಿಂಗನ್ನೂ ತಿದ್ದಿ ತೀಡಿ ಕೊಡುವುದು ನನ್ನ ಕಸುಬು. ಯಾವ ರೆಕಾರ್ಡಿಂಗೇ ಆಗಲಿ, ಹಾಡು ಮುಗಿದ ಮೇಲೂ ಅದಕ್ಕೊಂದು ಬಾಲ ಇರುತ್ತದೆ. ಯಾರೋ ಕೆಮ್ಮುತ್ತಾರೆ, ಯಾರೋ ಬೆಂಚು ಎಳೆಯುತ್ತಾರೆ, ಯಾವಳೋ ಒಬ್ಬಳು "ಆಯ್ತಾ? ನಿಂತಿತಾ?" ಅಂತ ಕೇಳುತ್ತಾಳೆ. ಆ ಬಾಲವನ್ನು ಮೌಸಿನಲ್ಲಿ ಎಳೆದು ಗುರುತು ಮಾಡಿ ಒಂದು ಗುಂಡಿ ಒತ್ತಿದರೆ ಸಾಕು, ದನಿ ಮೆಲ್ಲಮೆಲ್ಲಗೆ ಇಳಿಯುತ್ತ ಇಲ್ಲವಾಗುತ್ತದೆ. ಪರದೆಯ ಮೇಲಿನ ಅಲೆಗಳು ಇಲಿಯ ಬಾಲದ ಹಾಗೆ ಸಣ್ಣಗಾಗಿ ಮುಗಿಯುತ್ತವೆ. ಇದೇ ಫೇಡು. ನನ್ನ ಫೇಡು ಅಂದರೆ ಈ ಕಡಲತೀರದಲ್ಲೆಲ್ಲ ಹೆಸರು. ದನಿ ಎಲ್ಲಿ ಮುಗಿಯಿತು, ಮೌನ ಎಲ್ಲಿ ಶುರುವಾಯಿತು ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ. ಅದೇ ಆಮೇಲೆ ನನ್ನ ಕುತ್ತಿಗೆಗೆ ಬಂತು.

ಎಪರಾಮ ನನ್ನ ಸೋದರಮಾವನ ಮಗ. ನಮ್ಮಲ್ಲಿ ಮಾವನ ಮಗ, ಅತ್ತೆಯ ಮಗಳು ಅಂದರೆ ಒಬ್ಬರನ್ನೊಬ್ಬರು ಹುರಿದು ಮುಕ್ಕಲಿಕ್ಕೆ ದೇವರೇ ಪರವಾನಗಿ ಕೊಟ್ಟ ಹಾಗೆ. ಅವನು ನನ್ನನ್ನು "ನನ್ನ ಕೈತಪ್ಪಿದ ಹೆಂಡತಿ" ಅಂತ ಪೇಟೆಯ ನಡುವೆ ಕೂಗುತ್ತಾನೆ, ನಾನು ಅವನನ್ನು "ಹಂದಿಗೂ ಬೇಡವಾದ ಗೆಣಸು" ಅನ್ನುತ್ತೇನೆ. ಆ ಸೋಮವಾರ ಮಾತ್ರ ಅವನು ತಮಾಷೆಯನ್ನೇ ಮಾಡಲಿಲ್ಲ. ನನ್ನಿಂದಲೇ ಒಯ್ದಿದ್ದ ಚಿಕ್ಕ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಹೇಳಿದ:

"ಕೊನೇಲಿ ಬೊಗಸೆ ಚಪ್ಪಾಳೆ ಬರುತ್ತಲ್ಲ, ಅದು ಶುರುವಾದ ಕೂಡ್ಲೇ ಇಳಿಸ್ತಾ ಬಾ. ಆಮೇಲೆ ಇರೋದೆಲ್ಲ ಬರೀ ಕೆಮ್ಮು, ಬಟ್ಟಲಿನ ಸದ್ದು. ಕೇಳೋಕ್ ಹೋಗ್ಬೇಡ, ಸುಮ್ನೆ ಟೈಮ್ ದಂಡ."

"ಟೈಮ್ ನಂದು, ದಂಡ ನಿಂಗ್ಯಾಕೋ?"

"ಹಂಗಲ್ಲ ಮಾರಾಯ್ತಿ. ಆಮೇಲೆ ಅದ್ರಲ್ಲಿರೋದನ್ನ ಅಳಿಸ್ಬಿಡು."

ನಾನು "ಹೂಂ" ಅಂದೆ. ಅಳಿಸಲಿಲ್ಲ. ನಾನು ಯಾರ ರೆಕಾರ್ಡಿಂಗನ್ನೂ ಅಳಿಸಿದವಳಲ್ಲ. ಆದರೆ ಅವತ್ತು ಕೇಳಲಿಕ್ಕೂ ಹೋಗಲಿಲ್ಲ. ಮೂರು ಚರ್ಚಿನವರ ಹಾಡುಗಳು ತಲೆಯ ಮೇಲೆ ಕೂತಿದ್ದವು. ಚಪ್ಪಾಳೆ ಶುರುವಾಗುವ ಕಡೆ ಗುರುತು ಹಾಕಿ, ಇಳಿಸಿ, ಕೊಟ್ಟು ಕಳಿಸಿದೆ.

ಅದು ಯಾವ ರೆಕಾರ್ಡಿಂಗು ಅಂತ ಹೇಳಬೇಕಲ್ಲ. ಎಪರಾಮನ ಮಗ ನೇತಾನಿ, ಹೊಳೆಯ ಮೇಲ್ಗಡೆಯ ವಾಯ್ಲೇಕಾ ಊರಿನ ಕೆಲೆರಾ ಅನ್ನುವ ಹುಡುಗಿಯನ್ನು ಕೊಬ್ಬರಿ ಲಾರಿಯಲ್ಲಿ ಕೂರಿಸಿಕೊಂಡು ಓಡಿಬಂದಿದ್ದ. ಗಂಡು ಮಗುವೂ ಆಯಿತು. ಆದರೆ ಹುಡುಗನ ಕಡೆಯವರು ತಿಮಿಂಗಿಲದ ಹಲ್ಲು ಹಿಡಿದುಕೊಂಡು ಹೋಗಿ, ಹುಡುಗಿಯ ಮನೆಯವರ ಮುಂದೆ ತಲೆ ತಗ್ಗಿಸಿ ಕೂತು, ತಪ್ಪಾಯಿತು ಅನ್ನುವವರೆಗೂ, ಅವರು ಆ ಹಲ್ಲನ್ನು ಕೈಯಲ್ಲಿ ತಗೊಂಡು ಒಪ್ಪುವವರೆಗೂ, ಕೆಲೆರಾ ಅಪ್ಪನ ಮನೆಯ ಹೊಸ್ತಿಲು ಮೆಟ್ಟುವ ಹಾಗಿಲ್ಲ. ಚೊಚ್ಚಲ ಮಗುವನ್ನು ತಾಯಿಯ ಊರಿಗೆ ಒಯ್ದು ಮುಖ ತೋರಿಸುವುದು ನಮ್ಮ ಪದ್ಧತಿ. ಮುಖ ತೋರಿಸದ ಮಗುವಿಗೆ ಆ ಊರಿನಲ್ಲಿ ಮುಖವೇ ಇಲ್ಲ. ನಾಳೆ ದೊಡ್ಡವನಾಗಿ ಆ ದಾರಿಯಲ್ಲಿ ಹೋದರೆ, ಯಾರವನೋ ನೀನು ಅಂತ ಕೇಳುತ್ತಾರೆ.

ಕೆಲೆರಾಳ ಅಪ್ಪ ಜೋಲಾಮೆ ಊರಿನಲ್ಲಿರಲಿಲ್ಲ. ಆಸ್ಟ್ರೇಲಿಯಾದ ಮಿಲ್ಡುರಾ ಕಡೆ ದ್ರಾಕ್ಷಿ ಕೊಯ್ಯಲಿಕ್ಕೆ ಹೋಗಿದ್ದ. ಅಲ್ಲಿಂದಲೇ ತಮ್ಮ ವಾಯ್ಸಾಕೆಗೆ ಅಪ್ಪಣೆ ಕೊಟ್ಟಿದ್ದ: "ನನ್ನ ಪರವಾಗಿ ನೀನು ಹಲ್ಲು ತಗೋ. ಆದ್ರೆ ಎಲ್ಲಾನೂ ರೆಕಾರ್ಡ್ ಮಾಡಿ ಕಳಿಸ್ಬೇಕು. ನಾನು ಕೇಳಿ ಹೂಂ ಅಂದ್ಮೇಲೇ ಒಪ್ಪಿದ ಲೆಕ್ಕ. ಅಲ್ಲೀವರ್ಗೂ ಅವಳಾಗ್ಲಿ ಮಗುವಾಗ್ಲಿ ನನ್ನ ಮನೆಯೊಳಗೆ ಕಾಲಿಡಕೂಡದು." ಜೋಲಾಮೆಯ ಅನುಮಾನ ಇಡೀ ಹೊಳೆಸಾಲಿಗೇ ಗೊತ್ತು. ತಾನೇ ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವ ಆಸಾಮಿ.

ಹಲ್ಲು ಕೊಟ್ಟಿದ್ದು ಶನಿವಾರ. ಅದಾದ ಗುರುವಾರವೇ ಜೋಲಾಮೆಯ ತಾಯಿ ಉನಾಯ್ಸಿ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡಳು. ಮಗನಿಗೆ ಮಣ್ಣಿಗೂ ಬರಲಾಗಲಿಲ್ಲ. ಆ ದುಃಖದಲ್ಲಿ ರೆಕಾರ್ಡಿಂಗಿನ ಮಾತು ಹಿಂದೆ ಬಿತ್ತು. ಶೋಕದ ದಿನಗಳು ಕಳೆದ ಮೇಲೆ ಎಪರಾಮ ಅದನ್ನು ಕಳಿಸಿದ. ಕಳಿಸಿದ ಮಾರನೇ ದಿನವೇ ನನ್ನ ಫೋನು ಹೊಡೆದುಕೊಂಡಿತು.

"ಏನಮ್ಮಾ ಸ್ಟುಡಿಯೋದಮ್ಮ, ನಾನು ಜೋಲಾಮೆ. ನಿಮ್ ಪೇಟೇಲಿ ಚಪ್ಪಾಳೆ ಮುಗಿಯೋದು ಹಿಂಗಾ?"

"ಹಿಂಗೆ ಅಂದ್ರೆ?"

"ಗಾಳಿ ಹೋದ ಟೈರಿನ ಹಂಗೆ! ಟಪ್, ಟಪ್, ಟಪ್ ಅಂತ ಸಣ್ಣಗಾಗ್ತಾ ಹೋಯ್ತಲ್ಲ. ನಮ್ಮೂರಲ್ಲಿ ಚಪ್ಪಾಳೆ ಶುರುವಾಗೋದೂ ಒಟ್ಟಿಗೆ, ನಿಲ್ಲೋದೂ ಒಟ್ಟಿಗೆ. ಇದೇನಿದು? ಒಬ್ಬೊಬ್ಬರಾಗಿ ಕೈ ಬಿಟ್ರು ಅಂತಾಯ್ತು. ಮನಸ್ಸಿಲ್ಲದೆ ಬಡಿದ್ರು ಅಂತಾಯ್ತು."

ಅವನು ಹೇಳಿದ್ದು ನಿಜ. ಒಪ್ಪಿದ ಮೇಲೆ ಎಲ್ಲರೂ ಒಂದೇ ಕೊರಳಲ್ಲಿ "ನಿಜವಾಗಲಿ" ಅಂದು ಕೈ ಬೊಗಸೆ ಮಾಡಿ ಬಡಿಯುತ್ತಾರಲ್ಲ, ಆ ಚಪ್ಪಾಳೆ ಎಂದೂ ಇಳಿದು ಹೋಗುವುದಿಲ್ಲ. ಬಾಗಿಲು ಹಾಕಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ. ಇಳಿಯುವ ಚಪ್ಪಾಳೆಯನ್ನು ಈ ದ್ವೀಪದಲ್ಲಿ ಹುಟ್ಟಿದ ಯಾವ ಕಿವಿಯೂ ಕೇಳಿಲ್ಲ. ಎಲ್ಲ ಹಾಡಿಗೂ ಹಾಕುವ ಫೇಡನ್ನು ನಾನು ಕಣ್ಣುಮುಚ್ಚಿ ಅದಕ್ಕೂ ಹಾಕಿಬಿಟ್ಟಿದ್ದೆ.

"ಅಯ್ಯೋ ಅದು ಜನ ನಿಲ್ಲಿಸಿದ್ದಲ್ಲಪ್ಪಾ. ನಾನು ಕಂಪ್ಯೂಟರಲ್ಲಿ ದನಿ ಇಳಿಸಿದ್ದು. ಅದು ಫೇಡು. ಎಲ್ಲಾದಕ್ಕೂ ಮಾಡ್ತೀನಿ" ಅಂದೆ.

ಅವನ ದನಿ ಇನ್ನೂ ತಣ್ಣಗಾಯಿತು.

"ಓಹೋ. ಹಂಗಾದ್ರೆ ನೀನೇ ಇಳಿಸ್ದೆ. ಯಾಕೆ ಇಳಿಸ್ದೆ? ಏನ್ ಮುಚ್ಚೋಕೆ ಇಳಿಸ್ದೆ?"

ನೋಡಿ, ಅತ್ತ ಹೋದರೆ ದರಿ, ಇತ್ತ ಬಂದರೆ ಪುಲಿ.

"ಮುಚ್ಚೋಕೇನಿದೆ? ಕೆಮ್ಮು, ಬಟ್ಟಲಿನ ಸದ್ದು!"

"ನೀನ್ ಕೇಳಿದೀಯಾ?"

ನಾನು ಮೌಸಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡೆ.

"ಕೇಳಿಲ್ಲ. ಕೇಳ್ದೇ ಹೇಳ್ತಿದೀಯ. ಯಾರೋ ಹೇಳಿಕೊಟ್ಟಿದ್ದನ್ನ ಹೇಳ್ತಿದೀಯ. ನೋಡಮ್ಮಾ, ಆ ಕೊನೆ ನನ್ನ ಕಿವಿಗೆ ಬೀಳೋವರ್ಗೂ ನನ್ನ ಬಾಯಿಂದ ಹೂಂ ಬರಲ್ಲ. ಮಗು ಮುಖ ತೋರ್ಸೋದು ಅದೂ ಇದೂ ಅಂತ ಯಾರೂ ನನ್ನ ಮನೆ ಕಡೆ ತಲೆ ಹಾಕೋದು ಬೇಡ. ನಾನು ಊರಿಗ್ ಬಂದ್ಮೇಲೆ ಹಲ್ಲು ವಾಪಸ್ ಕಳಿಸ್ತೀನಿ."

ಹಲ್ಲು ವಾಪಸ್ಸು! ಹಾಗೆಂದರೆ ಕೆಲೆರಾಳ ಪಾಲಿಗೆ ಅಪ್ಪನ ಮನೆ ಸತ್ತ ಹಾಗೆ. ಫೋನ್ ಇಟ್ಟ ಮೇಲೆ ನನ್ನ ಮೈಯೆಲ್ಲ ಉರಿಯಿತು. ಮೊದಲು ಅವನ ಮೇಲೆ ಉರಿದುಕೊಂಡೆ. ಒಪ್ಪಲಿಕ್ಕೆ ಮನಸ್ಸಿಲ್ಲದವನಿಗೆ ಒಂದು ನೆಪ ಬೇಕಿತ್ತು, ನನ್ನ ಫೇಡು ಸಿಕ್ಕಿತು, ಅಂದುಕೊಂಡೆ. ಆದರೆ ಅವನ ಆ ಒಂದು ಮಾತು ತಲೆಯಿಂದ ಹೋಗಲೇ ಇಲ್ಲ. ನೀನು ಕೇಳಿದೀಯಾ? ಯಾರೋ ಹೇಳಿಕೊಟ್ಟಿದ್ದು. ಹೌದಲ್ಲ, ಎಪರಾಮನಿಗೆ ಫೇಡ್ ಅನ್ನುವ ಪದ ಹೇಳಿಕೊಟ್ಟವರು ಯಾರು?

ನೆಟ್ಟಗೆ ಅವನ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಕೂತು ಮರಗೆಣಸು ಸುಲಿಯುತ್ತಿದ್ದ. ಕೆಲೆರಾ ಒಳಗೆ ತಟ್ಟೆ ತೊಳೆಯುತ್ತಿದ್ದಳು, ಮಗು ಚಾಪೆಯ ಮೇಲೆ ಕಾಲು ಬಡಿಯುತ್ತಿತ್ತು.

"ಏನೋ ಭಾವ, ಚಪ್ಪಾಳೆ ಆದ್ಮೇಲೆ ಆ ರೆಕಾರ್ಡಿಂಗಲ್ಲಿ ಏನಿದೆ?"

"ಬಂದ್ಯಾ ನನ್ನ ಕೈತಪ್ಪಿದ ಹೆಂಡ್ತಿ! ಕೂತ್ಕೋ, ಟೀ ಕುಡಿ."

"ಟೀ ಮನೆ ಹಾಳಾಗ್ಲಿ. ಏನಿದೆ?"

"ಹೇಳಿದ್ನಲ್ಲ, ಕೆಮ್ಮು."

"ಯಾರ ಕೆಮ್ಮು?"

ಅವನು ಸುಲಿಯುತ್ತಿದ್ದ ಗೆಣಸನ್ನು ತಿರುಗಿಸಿ, ಸುಲಿದ ಕಡೆಯಲ್ಲೇ ಮತ್ತೆ ಚಾಕು ಆಡಿಸಿದ. "ಕೆಮ್ಮು ಅಂದ್ರೆ ಕೆಮ್ಮು. ಎಲ್ರುದ್ದೂ."

"ಹಂಗಾದ್ರೆ ನಾನಿವತ್ತು ಹೋಗಿ ಪೂರ್ತಿ ಕೇಳ್ತೀನಿ. ನಾನು ಅಳಿಸಿಲ್ಲ."

ಒಳಗೆ ತಟ್ಟೆ ಬಿದ್ದು ಒಡೆಯಿತು. ಎಪರಾಮ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಇಲ್ಲಿ ಮನೆಮಂದಿಯೆಲ್ಲ ಹೆಗಲು ಮುಟ್ಟಿಕೊಂಡ ಹಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಬಿಟ್ಟೆ. ಹಿಂದಿನಿಂದ ಅವನು "ವೆರೆ! ಏ ವೆರೆ!" ಅಂತ ಕೂಗಿದ್ದು ಬೇಲಿಯ ತನಕ ಕೇಳಿಸಿತು.

ಕೋಣೆಗೆ ಬಂದು ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು, ರೆಕಾರ್ಡರಿನ ಮೂಲ ದನಿಯನ್ನೇ ತೆರೆದೆ. ಪರದೆಯ ಮೇಲೆ ಚಪ್ಪಾಳೆಯ ಅಲೆಗಳು ಗೋಡೆಯ ಹಾಗೆ ಎದ್ದು ನಿಂತಿದ್ದವು. ಆಮೇಲೆ ತಗ್ಗಿನಲ್ಲಿ ಸಣ್ಣ ಸಣ್ಣ ಉಬ್ಬುಗಳು. ದನಿ ಏರಿಸಿ ಕೇಳಿದೆ.

ವಾಯ್ಸಾಕೆ ಹಲ್ಲು ತಗೊಂಡು ಒಪ್ಪಿದ ಮಾತು ಆಯಿತು. "ನಿಜವಾಗಲಿ" ಅಂದರು. ಚಪ್ಪಾಳೆ ಬಿತ್ತು. ತುಂಬಿದ ಚಪ್ಪಾಳೆ. ಒಮ್ಮೆಗೇ ನಿಂತಿತು. ಒಂದು ಕೈಯೂ ಹಿಂದೆ ಬೀಳಲಿಲ್ಲ, ಒಂದೂ ಮುಂದೆ ಓಡಲಿಲ್ಲ. ನನ್ನ ಎದೆ ಹಗುರಾಯಿತು. ಅಯ್ಯೋ ಜೋಲಾಮೆ, ಇದನ್ನು ಕೇಳಿದ್ದರೆ ನೀನು ಅವತ್ತೇ ಹೂಂ ಅಂದಿರುತ್ತಿದ್ದೆಯಲ್ಲೋ ಅನ್ನಿಸಿತು.

ಆಮೇಲೆ ಎಲ್ಲರೂ ಕುಡಿಯುವ ಯಂಗೋನ ಬೇರಿನ ಪುಡಿ ಕಲಸುವ ನೀರಿನ ಸದ್ದು. ಬಟ್ಟಲು ಇಟ್ಟ ಸದ್ದು. ಒಂದು ಕೆಮ್ಮು, ಸುಳ್ಳಲ್ಲ. ಆಮೇಲೆ ದೂರದಲ್ಲಿ, ಹೊರಗೆಲ್ಲೋ, ಒಂದು ಮಗು ಅತ್ತಿತು.

ಮನೆಯೊಳಗಿನ ಮಾತೆಲ್ಲ ಗಪ್ಪೆಂದು ನಿಂತಿತು. ಮಗು ಮತ್ತೆ ಅತ್ತಿತು. ಆಗ ಒಂದು ಮುದುಕಿಯ ದನಿ, ಒಣಗಿದ ದನಿ, ಆದರೆ ಮನೆ ಯಜಮಾನಿಯ ಗತ್ತಿನದು:

"ಯಾರ ಕೂಸದು? ಹೊಳೆ ಹತ್ರ ಯಾರ್ ಕೂತಿರೋದು?"

ಉನಾಯ್ಸಿ ಅಜ್ಜಿ. ನಾನು ಕುರ್ಚಿಯಲ್ಲಿ ಸೆಟೆದು ಕೂತೆ. ಮಣ್ಣಾದವಳ ದನಿ ಕಿವಿಯೊಳಗೆ, ಇಷ್ಟು ಹತ್ತಿರ. ಮುಂದೆ ಅವಳಾಡಿದ್ದನ್ನೂ ಕೇಳಿದೆ. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಸಿಟ್ಟಿಗೋ, ಸಂಕಟಕ್ಕೋ, ಯಾರಿಗೆ ಗೊತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಪರಾಮ ಬಂದಿದ್ದ. ಅವನ ಹಿಂದೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡ ಕೆಲೆರಾ. ಅವಳ ಹಿಂದೆ, ಸಂತೆಗೆ ಕೆಸುವಿನ ಗೆಡ್ಡೆ ತಂದಿದ್ದವನು, ಅವಳ ಚಿಕ್ಕಪ್ಪ ವಾಯ್ಸಾಕೆ. ಮೂರೂ ಜನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು.

"ನೀವು ನನ್ನ ಕೈಯಿಂದ ಸತ್ತವಳ ಬಾಯಿ ಮುಚ್ಚಿಸಿದ್ರಾ?" ಅಂದೆ. ಕೂಗಬಾರದು ಅಂದುಕೊಂಡಿದ್ದೆ, ಕೂಗಿಬಿಟ್ಟೆ.

"ಅವಾಗ ಅವ್ವ ಸತ್ತಿರ್ಲಿಲ್ಲ ಅಕ್ಕಾ" ಅಂದ ವಾಯ್ಸಾಕೆ. ಅವನು ಹೇಳಿದ್ದು ಇಷ್ಟು. ಅವತ್ತು ಕೆಲೆರಾ ಮನಸ್ಸು ತಡೆಯದೆ ಮಗುವನ್ನು ಎತ್ತಿಕೊಂಡು ಲಾರಿಯಲ್ಲಿ ಬಂದುಬಿಟ್ಟಿದ್ದಳು. ಊರೊಳಗೆ ಬರಲಿಲ್ಲ, ಹೊಳೆಯ ಹತ್ತಿರ ಒಂದು ದೀವಿಹಲಸಿನ ಮರದ ಕೆಳಗೆ ಕೂತಿದ್ದಳು. ಚಪ್ಪಾಳೆ ಮುಗಿದದ್ದೇ ಮಗು ಅತ್ತಿತು. ಅಜ್ಜಿ ಕೇಳಿಸಿಕೊಂಡಳು, ಒಳಗೆ ಕರೆಸಿದಳು. ಜೋಲಾಮೆ ಹೂಂ ಅನ್ನುವ ಮೊದಲೇ ಅವನ ಮನೆಯ ಹೊಸ್ತಿಲು ದಾಟಿ ಮಗು ಒಳಗೆ ಬಂತು. ಅಜ್ಜಿಯ ತೊಡೆಯ ಮೇಲೆ ಮುಖ ತೋರಿಸಿಕೊಂಡಿತು. ಭಾನುವಾರ ಮಗನಿಗೆ ಸಿಗ್ನಲ್ ಸಿಗಲಿಲ್ಲ. ಮುಂದಿನ ಭಾನುವಾರ ಅವನು ಫೋನ್ ಮಾಡಿದಾಗ ತಾನೇ ಹೇಳುತ್ತೇನೆ ಅಂದಿದ್ದಳು. ಅದಕ್ಕೇ ಆ ತುಣುಕು ಅವನಿಗೆ ಮೊದಲೇ ಕೇಳಿಸಬಾರದು ಅಂತ ಫೇಡು. ಆ ಪದ ಹೇಳಿಕೊಟ್ಟವಳು ಕೆಲೆರಾ, ಚರ್ಚಿನಲ್ಲಿ ಹಾಡುವವಳಲ್ಲವೇ. ಮುಂದಿನ ಭಾನುವಾರ ಬರುವ ಹೊತ್ತಿಗೆ ಹೇಳುವ ಬಾಯಿಯೇ ಇರಲಿಲ್ಲ.

"ಈಗ ನಾನು ಹೇಳಿದ್ರೆ ಅಣ್ಣ ನಂಬ್ತಾನಾ? ನೀನೇ ನುಗ್ಗಿಸಿ, ಈಗ ಸತ್ತವಳ ಸೆರಗಿನ ಹಿಂದೆ ಅವಿತ್ಕೋತೀಯಾ ಅಂತಾನೆ. ನಾನು ಸುಮ್ಮನಿದ್ದಷ್ಟೂ ತಪ್ಪು ದೊಡ್ದಾಗ್ತಾ ಹೋಯ್ತು."

ಎಪರಾಮ ಮೆಲ್ಲಗೆ ಅಂದ: "ವೆರೆ, ಒಂದ್ ಕೆಲ್ಸ ಮಾಡು. ಚಪ್ಪಾಳೆ ನಿಲ್ಲುತ್ತಲ್ಲ, ಅಲ್ಲೀತನಕ ಇಟ್ಟು ಮಿಕ್ಕಿದ್ದು ಕತ್ತರಿಸ್ಬಿಡು. ಇಳಿಸ್ಬೇಡ, ಕತ್ತರಿಸು. ಅವನು ಕೇಳಿದ್ದು ಚಪ್ಪಾಳೆ ತಾನೇ? ಕೊಟ್ಟಂಗಾಯ್ತು."

ಸುಳ್ಳು ಯಾಕೆ ಹೇಳಲಿ, ನನಗೂ ಅದು ಸರಿ ಅನ್ನಿಸಿತು. ಚಪ್ಪಾಳೆ ನಿಜವೇ, ಒಪ್ಪಿದ್ದು ನಿಜವೇ. ಅವರ ಮುಂದೆಯೇ ಕತ್ತರಿಸಿದೆ, ಹಾಕಿ ಕೇಳಿಸಿದೆ. ಚಪ್ಪಾಳೆ ನಿಂತಿತು. ಅದರ ಹಿಂದೆಯೇ ಏನೂ ಇಲ್ಲ. ಮನೆಯಿಲ್ಲ, ಜನರಿಲ್ಲ, ಹೊಳೆಯಿಲ್ಲ, ಉಸಿರಿಲ್ಲ. ಇಪ್ಪತ್ತು ಜನ ಕೂತ ಮನೆಯಲ್ಲಿ ಅಂಥ ಮೌನ ಇರುವುದು ಸಾಧ್ಯವೇ ಇಲ್ಲ. ಜೋಲಾಮೆಯಂಥವನಿಗೆ ಬೇಡ, ಗೋಡೆಯ ಹಲ್ಲಿಗೂ ಗೊತ್ತಾಗುತ್ತದೆ ಇಲ್ಲಿ ಕತ್ತರಿ ಆಡಿದೆ ಅಂತ.

"ಇದನ್ನ ಕೇಳಿದ್ರೆ ಆಮೇಲೆ ಏನಾಯ್ತು ಅಂತ ಕೇಳ್ತಾನೆ" ಅಂದೆ. "ಒಂದ್ ಬಾಲ ಮುಚ್ಚೋಕೆ ಇನ್ನೆಷ್ಟು ಬಾಲ ಕತ್ತರಿಸ್ಲಿ ನಾನು?"

ಕೆಲೆರಾ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಂಡಳು.

"ಪೂರ್ತಿ ಹಾಕಿ ಅತ್ತೆ" ಅಂದಳು. "ಬಯ್ಯೋದಾದ್ರೆ ಬಯ್ಲಿ. ಅಜ್ಜಿ ನನ್ ಮಗೂನ ಎತ್ಕೊಂಡಿದ್ಲು. ಅದೊಂದೇ ನಂಗಿರೋದು. ಅದನ್ನ ಯಾರ್ ಹತ್ರಾನೂ ಹೇಳಂಗಿಲ್ಲ ಅಂತ ಬಾಯಿ ಹೊಲ್ಕೊಂಡು ಕೂತಿದೀನಿ. ಅಜ್ಜಿ ಮಣ್ಣಿಗೆ ಹೋದಾಗ್ಲೂ ಹೊರಗೇ ನಿಂತಿದ್ದೆ. ನಂಗೆ ಸಾಕಾಗಿದೆ."

ಹೇಳಿ ಅತ್ತುಬಿಟ್ಟಳು. ವಾಯ್ಸಾಕೆ ಗೋಡೆಯ ಕಡೆ ತಿರುಗಿ ನಿಂತ. ಎಪರಾಮನಂಥ ಎಪರಾಮನೂ ಮೂಗು ಒರೆಸಿಕೊಂಡ. ನಾನು ಕತ್ತರಿಸಿದ್ದನ್ನು ಹಿಂದಕ್ಕೆ ತಂದೆ.

ಭಾನುವಾರ ಚರ್ಚು ಮುಗಿಸಿ, ಎಲ್ಲರೂ ಎಪರಾಮನ ಮನೆಯ ಚಾಪೆಯ ಮೇಲೆ ಕೂತೆವು. ನಡುವೆ ನನ್ನ ಲ್ಯಾಪ್‌ಟಾಪು, ಅದರ ಪಕ್ಕ ಸ್ಪೀಕರ್ ಹಾಕಿದ ಫೋನು. ಜೋಲಾಮೆ ಎತ್ತಿಕೊಂಡದ್ದೇ ಶುರು ಮಾಡಿದ.

"ಯಾರ್ ಯಾರ್ ಇದೀರಿ ಅಲ್ಲಿ? ಉಸಿರು ಜಾಸ್ತಿ ಕೇಳಿಸ್ತಿದೆ."

"ಎಲ್ರೂ ಇದೀವಿ. ನೀನ್ ಕೇಳ್ದೆಯಲ್ಲ, ಆ ಕೊನೆ ಹಾಕ್ತೀನಿ. ಒಂದು ಅಕ್ಷರ ಮುಟ್ಟಿಲ್ಲ ನಾನು."

"ಮುಟ್ಟಿಲ್ಲ ಅನ್ನೋರೇ ಮುಟ್ಟಿರೋದು. ಹಾಕು, ನೋಡೋಣ."

ಹಾಕಿದೆ. "ನಿಜವಾಗಲಿ." ಚಪ್ಪಾಳೆ. ಒಮ್ಮೆಗೇ ನಿಂತಿತು. ಆ ಕಡೆಯಿಂದ ಒಂದು "ಹ್ಞಾ" ಕೇಳಿಸಿತು, ಹಲ್ಲಿನ ಸಂದಿಯಿಂದ ಬಂದ ಹಾಗೆ. ನಾನು ನಿಲ್ಲಿಸಬಹುದಿತ್ತು. ಎಪರಾಮ ನನ್ನ ಕೈಯನ್ನೇ ನೋಡುತ್ತಿದ್ದ. ನಿಲ್ಲಿಸಲಿಲ್ಲ. ನೀರಿನ ಸದ್ದು, ಬಟ್ಟಲು, ಕೆಮ್ಮು. ಮಗು ಅತ್ತಿತು.

"ಯಾರ ಕೂಸದು? ಹೊಳೆ ಹತ್ರ ಯಾರ್ ಕೂತಿರೋದು?"

"ನಿಲ್ಸು!" ಅಂತ ಜೋಲಾಮೆ ಕೂಗಿದ. ನಿಲ್ಲಿಸಿದೆ. ಅವನು ಏದುಸಿರು ಬಿಡುತ್ತಿದ್ದ.

"ಏನ್ ಮಾಡಿದೀಯ ನೀನು? ನಮ್ಮವ್ವನ ದನಿ ಎಲ್ಲಿಂದ ತಂದೆ? ಚರ್ಚಲ್ಲಿ ಅವಳು ಹಾಡಿದ್ದು, ಓದಿದ್ದು ನಿನ್ ಹತ್ರ ಮೂಟೆ ಇದೆ. ಅಲ್ಲೊಂದು ಇಲ್ಲೊಂದು ಎತ್ತಿ ಹೊಲಿದಿದೀಯಲ್ಲ? ನಾಚ್ಕೆ ಆಗಲ್ವಾ? ನಾನು ಅವಳ ಮುಖಾನೂ ನೋಡ್ಲಿಲ್ಲ, ಗೊತ್ತಾ ನಿಂಗೆ? ಮಣ್ಣು ಹಾಕೋಕೂ ಬರ್ಲಿಲ್ಲ. ಅಂಥವನ ಮುಂದೆ ಅವಳ ದನಿ ಆಡಿಸ್ತೀಯಾ!"

ಕೆಲೆರಾ ಬಾಯಿಗೆ ಕೈ ಒತ್ತಿಕೊಂಡಳು. ವಾಯ್ಸಾಕೆ, "ಅಣ್ಣಾ" ಅಂದ. "ನೀನ್ ಬಾಯ್ಮುಚ್ಚು" ಅಂದ ಜೋಲಾಮೆ.

ನನಗೂ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. "ಬಯ್ಯೋದೆಲ್ಲ ಆಮೇಲೆ ಬಯ್ಯಿ" ಅಂದೆ. "ನಿಮ್ಮವ್ವನ ಮಾತು ಇನ್ನೂ ಮುಗ್ದಿಲ್ಲ." ಹೇಳಿ ಗುಂಡಿ ಒತ್ತಿಬಿಟ್ಟೆ.

ಹೊರಗಿನಿಂದ ಯಾರೋ ಹೇಳಿದರು, ಕೆಲೆರಾ ಬಂದಿದ್ದಾಳೆ ಅಂತ. ಮುದುಕಿ ಅಂದಳು: "ಮತ್ತೆ ಹೊರಗ್ಯಾಕ್ ಕೂರ್ಸಿದೀರಿ? ಒಳಗ್ ಕರ್ಕೊಂಡ್ ಬನ್ನಿ."

ವಾಯ್ಸಾಕೆಯ ದನಿ: "ಅವ್ವಾ, ಅಣ್ಣ ಇನ್ನೂ ಹೂಂ ಅಂದಿಲ್ಲ. ಅವನು ಕೇಳ್ಬೇಕಂತೆ, ಆಮೇಲೇ..."

"ಅವನೇನು ಕೇಳೋದು? ನಾನು ಅವನನ್ನ ಕೇಳಿ ಹೆತ್ನಾ? ಕರ್ಕೊಂಡ್ ಬಾ ಅಂದ್ನಲ್ಲ. ಇದು ಅವನ ಮನೆ ಆಗೋಕ್ ಮುಂಚೆ ನನ್ನ ಮನೆ."

ಹೆಜ್ಜೆ ಸದ್ದು. ಮಗುವಿನ ಅಳು ಹತ್ತಿರ ಹತ್ತಿರ ಬಂತು. ಆಮೇಲೆ ತಟ್ಟನೆ ನಿಂತಿತು. ಮುದುಕಿ ಏನೇನೋ ಮುದ್ದು ಮಾತಾಡಿದಳು, ಅರ್ಥವಿಲ್ಲದ ಮಾತು, ಮೂಗು ಮೂಗಿಗೆ ಉಜ್ಜಿ ಆಡುವಂಥದ್ದು. ಆಮೇಲೆ ದೊಡ್ಡ ದನಿಯಲ್ಲಿ:

"ಇದನ್ನ ಜೋಲಾಮೆಗೆ ನೀವ್ಯಾರೂ ಹೇಳ್ಬೇಡಿ. ನಾನೇ ಹೇಳ್ತೀನಿ. ನೀವ್ ಹೇಳಿದ್ರೆ ನಂಬೋ ಜಾತಿ ಅಲ್ಲ ಅದು. ಹುಟ್ಟಿದ ದಿನ ನನ್ನೆದೆ ಹಾಲನ್ನೇ ಮೂಸಿ ನೋಡಿ ಕುಡಿದ ನನ್ಮಗ ಅವನು!"

ರೆಕಾರ್ಡಿಂಗಿನಲ್ಲಿ ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರು. ಇಲ್ಲಿ ನಾವ್ಯಾರೂ ನಗಲಿಲ್ಲ. ನಾನು ನಿಲ್ಲಿಸಿ ಫೋನನ್ನೇ ನೋಡುತ್ತ ಕೂತೆ. ಆ ಕಡೆ ಏನೂ ಇಲ್ಲ. ಲೈನು ಕಡಿದುಹೋಯಿತೋ ಏನೋ ಅಂತ ಎಪರಾಮ ಬಗ್ಗಿ ನೋಡಿದ. ಕಡಿದಿರಲಿಲ್ಲ. ಆಮೇಲೆ ಒಂದು ಸದ್ದು ಬಂತು, ನಗೆಯಾಗಿ ಶುರುವಾದದ್ದು. ಗಂಡಸು ಅಳುವುದನ್ನು ಫೋನಿನಲ್ಲಿ ಕೇಳುವುದು ಬೇಡಪ್ಪಾ. ನಾನು ಮುಖ ಆ ಕಡೆ ತಿರುಗಿಸಿಕೊಂಡೆ, ಅವನಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದರೂ.

"ಈ ಮಾತು ಅವಳು ನನ್ ಕಿವೀಲೇ ಹೇಳ್ತಿದ್ದಿದ್ದು" ಅಂದ ಕೊನೆಗೆ. "ಹೊಡೆದಾಗ, ಮುದ್ದು ಮಾಡ್ದಾಗ. ಎಲ್ರು ಮುಂದೆ ಅಂದ್ಬಿಟ್ಲಾ ಮುದುಕಿ?"

"ಎಲ್ರು ಮುಂದೇನೇ" ಅಂದ ವಾಯ್ಸಾಕೆ, ಹೆದರಿ ಹೆದರಿ.

"ಹೇಳ್ತೀನಿ ಅಂದಿದ್ಲು. ಹೇಳಿದ್ಲು."

ಆಮೇಲೆ ಫೋನಿನೊಳಗಿಂದ, ಮಿಲ್ಡುರಾದ ಯಾವುದೋ ಕೂಲಿಯವರ ಬಿಡಾರದಿಂದ, ಬೊಗಸೆ ಕೈ ಬಡಿದ ಸದ್ದು ಬಂತು. ನಿಧಾನ, ಆಳ. ಒಬ್ಬನದೇ ಕೈ. ಮೂರು ಬಡಿದು ಒಮ್ಮೆಗೇ ನಿಂತ. ಚಾಪೆಯ ಮೇಲಿದ್ದ ನಾವೆಲ್ಲ, ಯಾರೂ ಹೇಳದೆಯೇ, ತಿರುಗಿ ಬಡಿದೆವು. ಕೆಲೆರಾ ಮಗುವಿನ ಎರಡು ಕೈ ಹಿಡಿದು ಅದರಿಂದಲೂ ಬಡಿಸಿದಳು.

"ಬೀಗಿತ್ತೀ" ಅಂದ ಜೋಲಾಮೆ.

ನನಗೆ ಅಂದದ್ದು ಅಂತ ತಿಳಿಯಲಿಕ್ಕೆ ಒಂದು ಗಳಿಗೆ ಬೇಕಾಯಿತು. ಅಲ್ಲಿಯವರೆಗೂ ಸ್ಟುಡಿಯೋದಮ್ಮ ಆಗಿದ್ದೆನಲ್ಲ. "ಏನಪ್ಪಾ ಬೀಗ?" ಅಂದೆ.

"ಮಿಕ್ಕಿದ್ದು ಹಾಕು. ದನಿ ಇಳಿಸ್ಬೇಡ."

ಹಾಕಿದೆ. ಮುಂದೆ ಅಂಥದ್ದೇನಿರಲಿಲ್ಲ. ಯಾರೋ ಬಟ್ಟಲು ದಾಟಿಸಿದರು. ಮಗು ಊಂ ಊಂ ಅಂದಿತು. ಹೊಳೆಯ ಸದ್ದು ಇತ್ತು, ಕೋಳಿ ಇತ್ತು. ಮಗುವಿನ ಕಿವಿ ತಾತ ಜೋಲಾಮೆಯ ಥರವೇ ಇದೆ ಅಂತ ಅಜ್ಜಿ ಅಂದಳು, 'ಒಳ್ಳೇದೂ ಕೆಟ್ಟದ್ದೂ ಎರಡೂ ಕೇಳಿಸುತ್ತೆ, ಪಾಪ.' ನಾನು ಹತ್ತು ವರ್ಷದಿಂದ ಕತ್ತರಿಸಿ ಬಿಸಾಡುವ ಬಾಲ ಇದೇ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಕೊನೆಗೆ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಮುದುಕಿ ಬಾಗಿಲ ಕಡೆ ತಿರುಗಿ ದಾರಿಹೋಕರನ್ನೂ ಕರೆಯುವ ನಮ್ಮ ಆ ದನಿಯಲ್ಲಿ ಕೂಗಿದಳು:

"ಬನ್ರೋ, ಎಲ್ರೂ ಬನ್ನಿ, ಉಣ್ಣೋಕೆ..."

ಅಲ್ಲಿಗೆ ನಿಂತಿತು. ನಡುಮಾತಿನಲ್ಲೇ.

"ಮುಂದೆ?" ಅಂದ ಜೋಲಾಮೆ.

"ಮುಂದಿಲ್ಲ ಬೀಗ. ಬ್ಯಾಟರಿ ಮುಗಿದಿತ್ತು."

ನಾನು ಕಾದೆ. ಏನು ಮುಚ್ಚಿಟ್ಟೆ ಅಂತ ಕೇಳುತ್ತಾನೆ, ಎಲ್ಲಿ ಕತ್ತರಿಸಿದೆ ಅಂತ ಕೇಳುತ್ತಾನೆ, ಕೇಳಲಿ ಅಂತ ಕಾದೆ.

"ಹೂಂ" ಅಂದ ಅವನು. ಆಮೇಲೆ ಕೆಲೆರಾಳನ್ನು ಕರೆದ, ಮಗು ಊಟ ಸರಿಯಾಗಿ ಮಾಡುತ್ತಾ ಅಂತ ಕೇಳಿದ.